ಎಲೆಗಳ ಓರಣ



ಗಿಡದ ಮೇಲೆ ಎಲೆಗಳು ಮನಬಂದ ಕಡೆ ಹುಟ್ಟುವುವೆಂದು ನಮ್ಮಲ್ಲಿ ಅನೇಕರ ಭಾವನೆ. ಬೃಂದಾವನದ ತುಳಸಿಯನ್ನು ಗಮನವಿಟ್ಟು ನೋಡಿದರೆ ಈ ಭಾವನೆ ನಿಲ್ಲದು. ಅದರ ಎಲೆಗಳು ಎರಡೆರಡಾಗಿ ಎದುರುಬದುರು ನಿಂತಿವೆ. ಒಂದು ಜೋಡಿ ಪೂರ್ವಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರದಕ್ಷಿಣಕ್ಕೆ. ಕಣಗಿಲೆಯಲ್ಲಿ ಗೆಣ್ಣಿಗೆ ಸಾಮಾನ್ಯವಾಗಿ ಮೂರೆಲೆಗಳ ಸುತ್ತು. ಹುಲ್ಲಿನಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡೇ ಸಾಲು.

ದಾಸವಾಳದ ಕ್ರಮವು ಇನ್ನೂ ಸ್ವಾರಸ್ಯವಾದುದು. ನೆಟ್ಟಗೆ ಬೆಳೆದ ರೆಂಬೆಯೊಂದರಲ್ಲಿ ಎಲೆಯ ಬುಡದಿಂದ ಬುಡಕ್ಕೆ ದಾರವನ್ನು ಸುತ್ತುತ್ತ ಹೋಗಿರಿ. ದಾರವು ರೆಂಬೆಯನ್ನು ಎರಡು ಸಲ ಬಳಸುವಷ್ಟರಲ್ಲಿ ಐದು ಎಲೆಗಳು ಕಳೆದು, ಆರನೆಯದು ಮೊದಲನೆಯದರ ನೇರಕ್ಕೆ ಬರುವುದು. ಇದನ್ನು ೨/೫ ಎಂದು ಬರೆಯುವರು. ಹುಲ್ಲಿನದು ೧/೨, ಜೇಕಿನದು ೧/೩. ಬೇರೆ ಕೆಲವು ಗಿಡಗಳದು ೩/೮, ೫/೧೩. ಈ ಅಂಕಗಳೆಲ್ಲ ೧, ೧, ೨, ೩, ೫, ೮, ೧೩ ಎಂಬ ಶ್ರೇಣಿಗೆ ಸೇರಿದವು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇಟಲಿಯ ಫಿಬೊನಾಚಿಯು ೧೨೦೨ರಲ್ಲಿ ಇದನ್ನು ತನ್ನ ಗ್ರಂಥದಲ್ಲಿ ಬರೆದನು. ಅದಕ್ಕೆ ಮೊದಲೇ ನಮ್ಮ ಛಂದಶ್ಶಾಸ್ತ್ರಜ್ಞನಾದ ಹೇಮಚಂದ್ರನು ಲಘುಗುರುಗಳ ವಿನ್ಯಾಸಗಳನ್ನು ಎಣಿಸುವಾಗ ಇದೇ ಶ್ರೇಣಿಯನ್ನು ಕಂಡಿದ್ದನು.

ಹಾಗಾದರೆ ಗಿಡಕ್ಕೆ ಗಣಿತವು ತಿಳಿದಿದೆಯೇ? ಮೇಲಿನ ಎಲೆಯು ಕೆಳಗಿನದಕ್ಕೆ ಬಿಸಿಲನ್ನು ಮರೆಮಾಡದಿರಲೆಂದೇ ಈ ಏರ್ಪಾಡು ಎಂದು ಹೇಳುವ ವಾಡಿಕೆಯುಂಟು. ಪ್ರಯೋಜನವಿರುವುದು ನಿಜ. ಆದರೆ ಪ್ರಯೋಜನವನ್ನು ಹೇಳಿದ ಮಾತ್ರಕ್ಕೆ ಕಾರಣವನ್ನು ಹೇಳಿದಂತಾಗಲಿಲ್ಲ. ಬಿಸಿಲು ಬೇಕೆಂದರೆ ಎಲೆಯು ತೊಟ್ಟನ್ನು ತಿರುಚಿಕೊಂಡೂ ಅದನ್ನು ಪಡೆಯಬಲ್ಲುದು.

ಕಾರಣವನ್ನು ಹುಡುಕಬೇಕಾದ ಸ್ಥಳವು ಚಿಗುರಿನ ತುದಿ. ಎಲೆಯ ಮೊಳಕೆಯು ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬಾಗಿ ಮೂಡುವುದು. ಹಿಂದೆ ಹುಟ್ಟಿದವುಗಳ ನಡುವೆ ಎಲ್ಲಿ ಹೆಚ್ಚು ತೆರಪುಂಟೋ ಅಲ್ಲಿಯೇ ಹೊಸದು ಮೂಡುವುದೆಂದು ಜರ್ಮನಿಯ ಹಾಫ್‌ಮೈಸ್ಟರ್ ೧೮೬೮ರಲ್ಲಿ ಹೇಳಿದನು. ತುಂಬಿದ ಸಭೆಗೆ ಬಂದವನು ಬಿಡುವಿದ್ದೆಡೆ ಕುಳಿತುಕೊಳ್ಳುವಂತೆ ಇದು. ಮುಂದೆ ೨೦೦೦ದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು, ಎಲೆ ಮೂಡದಂತೆ ತಡೆದಿದ್ದ ಟೊಮ್ಯಾಟೊ ಚಿಗುರಿಗೆ ಆಕ್ಸಿನ್ ಎಂಬ ರಸವನ್ನು ಸೋಕಿಸಿದರು. ಸೋಕಿಸಿದ ಜಾಗದಲ್ಲಿಯೇ ಎಲೆ ಮೂಡಿತು. ಪ್ರತಿ ಮೊಳಕೆಯೂ ಸುತ್ತಲಿನ ಆಕ್ಸಿನ್ನನ್ನು ತನ್ನೆಡೆಗೆ ಸೆಳೆದುಕೊಳ್ಳುವುದರಿಂದ ಮುಂದಿನದಕ್ಕೆ ದೂರದಲ್ಲಿಯೇ ಎಡೆ.

ಈ ಒಂದೇ ನಿಯಮವು ಮತ್ತೆ ಮತ್ತೆ ನಡೆದಾಗ ಎರಡು ಎಲೆಗಳ ನಡುವಣ ಕೋನವು ಅನೇಕ ಗಿಡಗಳಲ್ಲಿ ೧೩೭½ ಡಿಗ್ರಿಯ ಸಮೀಪಕ್ಕೆ ಬರುವುದು. ಅಂಕಗಳ ಆ ಶ್ರೇಣಿಯೂ ತಾನಾಗಿ ಒದಗುವುದು. ಎಣಿಸುವವರು ನಾವು. ಗಿಡವು ಎಣಿಸುವುದಿಲ್ಲ, ನೆರೆಯವರಿಗೆ ಎಡೆಬಿಟ್ಟು ಬೆಳೆಯುವುದು, ಅಷ್ಟೆ.