ಅಖಾಡದಿಂದ ರಣರಂಗಕ್ಕೆ: ಹಳೆಯ ಪತ್ರಿಕೆಗಳಲ್ಲಿ ಮಲ್ಲರ ಜಾಡು

ಗೆದ್ದ ಪೈಲ್ವಾನನ ಹೆಸರು ಊರವರ ಬಾಯಲ್ಲಿ ಉಳಿಯುತ್ತದೆ. ಅವನೇ ಯುದ್ಧಕ್ಕೆ ಹೋಗಿ ಮರಳದಿದ್ದರೆ, ಏನಾದನೆಂಬ ಸಂಗತಿ ಎರಡು ತಲೆಮಾರುಗಳಲ್ಲಿ ಮಸುಕಾಗುತ್ತದೆ. ಕುಸ್ತಿಯನ್ನು ಬಲ್ಲ ಹಳಿಯಾಳ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕುಸ್ತಿಗಿದ್ದ ಜನಪ್ರಿಯತೆ ಯುರೋಪಿನಲ್ಲಿ ಮುಷ್ಟಿಯುದ್ಧಕ್ಕೆ, ಅಂದರೆ ಬಾಕ್ಸಿಂಗಿಗೆ ಇತ್ತು. ಎರಡು ಮಹಾಯುದ್ಧಗಳು ಅಲ್ಲಿನ ಬಾಕ್ಸರುಗಳನ್ನು ದಿಕ್ಕುಪಾಲು ಮಾಡಿದವು. ಅವರ ಜಾಡು ಹಿಡಿಯಲು ಇಂದು ಉಳಿದಿರುವ ದೊಡ್ಡ ಆಧಾರವೆಂದರೆ ಹಳೆಯ ಪತ್ರಿಕೆ. ಆ ಆಧಾರ ಎಷ್ಟು ಗಟ್ಟಿ ಎಂಬುದೇ ಪ್ರಶ್ನೆ.

ಸೈನ್ಯದ ಕಡತಕ್ಕೆ ಸಿಪಾಯಿಯ ಸಂಖ್ಯೆ ಗೊತ್ತು, ದರ್ಜೆ ಗೊತ್ತು. ಅವನು ಆಟಗಾರನೆಂಬುದು ಗೊತ್ತಿರುವುದು ಪತ್ರಿಕೆಗೆ. ಬಿಲ್ಲಿ ವೆಲ್ಸ್ ಎಂಬ ಇಂಗ್ಲಿಷ್ ಬಾಕ್ಸರನ ಉದಾಹರಣೆ ನೋಡಬಹುದು. ಬ್ರಿಟಿಷ್ ತೋಪಖಾನೆಯ ಸೈನಿಕನಾಗಿ ಅವನು ರಾವಲ್ಪಿಂಡಿಯಲ್ಲಿದ್ದ; ಅಖಾಡದಲ್ಲಿ ಹೆಸರು ಮಾಡಿದ್ದು ಭಾರತದಲ್ಲಿಯೇ. 1910ರಲ್ಲಿ ಸೈನ್ಯ ಬಿಟ್ಟು, 1911ರಲ್ಲಿ ಬ್ರಿಟನ್ನಿನ ಹೆವಿವೇಟ್ ಚಾಂಪಿಯನ್ ಆದ. ಪತ್ರಿಕೆಗಳು ಮಾತ್ರ ಅವನನ್ನು ಕೊನೆಯವರೆಗೂ 'ಬಾಂಬಾರ್ಡಿಯರ್ ವೆಲ್ಸ್' ಎಂದೇ ಕರೆದವು. ಆಟದ ಪುಟವನ್ನು ಸೈನ್ಯದ ಕಡತಕ್ಕೆ ಜೋಡಿಸುವ ಕೊಂಡಿ ಇಂಥ ಒಂದು ಅಡ್ಡಹೆಸರೇ ಆಗಿರುತ್ತದೆ.

ಆದರೆ ಯುದ್ಧಕಾಲದ ಪತ್ರಿಕೆ ಅವಸರದ ಸಾಕ್ಷಿ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ಜೋ ಲೂಯಿಯನ್ನು ಸೋಲಿಸಿ, 1938ರಲ್ಲಿ ಅದೇ ಲೂಯಿಯ ಕೈಯಲ್ಲಿ ಮೊದಲ ಸುತ್ತಿನಲ್ಲೇ ಸೋತವನು. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಮೇಲೆ ಇಳಿದ ಜರ್ಮನ್ ಪ್ಯಾರಾಚೂಟ್ ಪಡೆಯಲ್ಲಿ ಅವನೂ ಇದ್ದ. ಅವನು ಸತ್ತನೆಂಬ ಸುದ್ದಿ ದೇಶದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಆದರೆ ಶ್ಮೆಲಿಂಗ್ ಸತ್ತಿರಲಿಲ್ಲ. ಆಮೇಲೆ ಅರವತ್ತಕ್ಕೂ ಹೆಚ್ಚು ವರ್ಷ ಬಾಳಿ 2005ರಲ್ಲಿ, 99ರ ವಯಸ್ಸಿನಲ್ಲಿ ತೀರಿಕೊಂಡ. ಮೊದಲ ದಿನದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡು ಮುಂದಿನ ವಾರದ ಸಂಚಿಕೆಯನ್ನು ತೆರೆಯದವನಿಗೆ ಅವನು 1941ರಲ್ಲೇ ಸತ್ತವನು!

ಹಾಗಾದರೆ ಸರಕಾರಿ ದಾಖಲೆಯನ್ನೇ ನಂಬೋಣವೆಂದರೆ, ಅದೂ ಸುಳ್ಳಾಡಬಲ್ಲದು. ಯೋಹಾನ್ ಟ್ರೋಲ್ಮನ್ ಜರ್ಮನಿಯ ಸಿಂಟಿ ಜನಾಂಗದವನು. ನಾಟ್ಸಿಗಳು 'ಜಿಪ್ಸಿ' ಎಂದು ಹೀಗಳೆದ ಸಮುದಾಯ ಅದು. 1933ರ ಜೂನ್‌ನಲ್ಲಿ ಅವನು ಲೈಟ್ ಹೆವಿವೇಟ್ ಪಟ್ಟ ಗೆದ್ದ. ಕೆಲವೇ ದಿನಗಳಲ್ಲಿ ಅದನ್ನು ಕಿತ್ತುಕೊಂಡರು. ಮುಂದಿನ ಪಂದ್ಯಕ್ಕೆ ಅವನು ಕೂದಲಿಗೆ ಹೊಂಬಣ್ಣ ಹಚ್ಚಿ, ಮೈಗೆಲ್ಲ ಹಿಟ್ಟು ಬಳಿದುಕೊಂಡು ಬಂದು, ಅಲುಗದೆ ನಿಂತು ಪೆಟ್ಟು ತಿಂದ. ಅವರು ಮೆಚ್ಚುವ 'ಆರ್ಯ' ವೀರನ ಅಣಕ ಅದು. 1939ರಲ್ಲಿ ಅದೇ ಸರಕಾರ ಅವನನ್ನು ಸೈನ್ಯಕ್ಕೆ ಎಳೆಯಿತು. 1942ರಲ್ಲಿ ನಾಯ್‌ಎಂಗಾಮೆ ಶಿಬಿರಕ್ಕೆ ದೂಡಿತು. ಶಿಬಿರದ ದಾಖಲೆಯಲ್ಲಿ ಅವನ ಸಾವಿನ ವರ್ಷ 1943. ಸಾಕ್ಷಿಗಳ ಹೇಳಿಕೆಗಳನ್ನು ಕೂಡಿಸಿ ನೋಡಿದ ಸಂಶೋಧಕರ ಪ್ರಕಾರ ಅವನನ್ನು ಕೊಂದದ್ದು 1944ರಲ್ಲಿ, ವಿಟನ್‌ಬೆರ್ಗೆ ಶಿಬಿರದಲ್ಲಿ. ಕಿತ್ತುಕೊಂಡ ಪಟ್ಟವನ್ನು ಜರ್ಮನಿಯ ಬಾಕ್ಸಿಂಗ್ ಒಕ್ಕೂಟ ಅವನ ಮನೆತನಕ್ಕೆ ಮರಳಿಸಿದ್ದು 2003ರಲ್ಲಿ.

ಟ್ಯುನಿಸಿಯಾದ ಯೆಹೂದಿ ವಿಕ್ಟರ್ ಪೆರೆಜ್ 1931ರಲ್ಲಿ ಫ್ಲೈವೇಟ್ ವಿಶ್ವ ಚಾಂಪಿಯನ್. ಪ್ಯಾರಿಸ್ಸಿನ ಪತ್ರಿಕೆಗಳು ಹೊತ್ತು ಮೆರೆಸಿದ ಹುಡುಗ. 1943ರಲ್ಲಿ ಅವನನ್ನು ಆಶ್‌ವಿಟ್ಜ್‌ಗೆ ಸಾಗಿಸಿದರು. 1945ರ ಜನವರಿಯಲ್ಲಿ ಕೈದಿಗಳನ್ನು ನಡೆಸಿಕೊಂಡು ಹೋಗುವಾಗ ಕೊಂದರು. ಬದುಕಿ ಬಂದ ಸಹಕೈದಿಗಳ ಬಾಯಿಮಾತೇ ಅವನ ಕೊನೆಯನ್ನು ಹೇಳುವ ದಾಖಲೆ.

ಇವರೆಲ್ಲ ಹೆಸರಾಂತರು. ಹೆಸರಿಲ್ಲದ ಸಿಪಾಯಿಯ ಗತಿ? ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಕುಟ್ ಪಟ್ಟಣದಲ್ಲಿ ಬ್ರಿಟಿಷ್-ಭಾರತೀಯ ಸೇನೆ ಐದು ತಿಂಗಳು ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾಯಿತು. ಅದರಲ್ಲಿ 103, 110, 117ನೆಯ ಮರಾಠಾ ಪಲ್ಟನ್‌ಗಳಿದ್ದವು. ಬೆಳಗಾವಿಯ ಇಂದಿನ ಮರಾಠಾ ಲಘು ಪದಾತಿ ದಳ ಆ ಪರಂಪರೆಯದೇ. ಸೆರೆಯಾದವರಲ್ಲಿ ಸಾವಿರಾರು ಮಂದಿ ಮರುಭೂಮಿಯ ನಡಿಗೆಯಲ್ಲಿ, ಶಿಬಿರಗಳಲ್ಲಿ ಸತ್ತರು. 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ನಿಂತ ಬಸ್ರಾ ಸ್ಮಾರಕದ ಕಲ್ಲಿನಲ್ಲಿ ಬ್ರಿಟಿಷ್ ಸಿಪಾಯಿಯ ಹೆಸರುಂಟು; ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ, ಉಳಿದವರದು ಬರೀ ಲೆಕ್ಕ. ಇಂಥ ಅಸಮಾನತೆಗೆ ಯುದ್ಧಸಮಾಧಿ ಆಯೋಗ ಕ್ಷಮೆ ಕೋರಿದ್ದು 2021ರಲ್ಲಿ. ಆ ಲೆಕ್ಕದಲ್ಲಿ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು ಎಷ್ಟಿದ್ದರೆಂದು ಕಲ್ಲು ಹೇಳುವುದಿಲ್ಲ.

ಈ ಸೀಮೆಯಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು ಊರ ಹೆಸರಿನದು. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಆದ್ದರಿಂದ ಮುಂಬಯಿಯ ಇಂಗ್ಲಿಷ್, ಮರಾಠಿ ಪತ್ರಿಕೆಗಳನ್ನೂ ಧಾರವಾಡ ಕಡೆಯ ಕನ್ನಡ ಪತ್ರಿಕೆಗಳನ್ನೂ ಜೊತೆಗಿಟ್ಟು ಓದಬೇಕು. ಜೋಯಿಡಾ ಎಂದು ಹುಡುಕಿದರೆ ಸಾಲದು. ತಾಲ್ಲೂಕಿನ ಹೆಸರು ಸೂಪಾ. ಆ ಹಳೆಯ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಸೇರಿದೆ. ದಾಂಡೇಲಿಯವನನ್ನು ಹಳಿಯಾಳದ ಹೆಸರಿನಲ್ಲಿ, ಮುಂಡಗೋಡದವನನ್ನು ಯಲ್ಲಾಪುರದ ಹೆಸರಿನಲ್ಲಿ ಬರೆದಿರಬಹುದು. ಅಪ್ಪನ ಹೆಸರೇ ಅಡ್ಡಹೆಸರಾಗಿರಬಹುದು.

ಪತ್ರಿಕೆ, ಸೈನ್ಯದ ಪಟ್ಟಿ, ಮನೆಯವರ ಮಾತು – ಇವುಗಳಲ್ಲಿ ಎರಡಾದರೂ ಹೊಂದಿಕೊಳ್ಳುವವರೆಗೆ ಯಾರ ಹೆಸರಿನ ಮುಂದೆಯೂ ಸಾವಿನ ದಿನವನ್ನು ಬರೆಯಬಾರದು. ಪತ್ರಿಕೆಯನ್ನು ಗ್ರಂಥಾಲಯ ಕಾಯುತ್ತದೆ, ಪಟ್ಟಿಯನ್ನು ಆಯೋಗ ಕಾಯುತ್ತದೆ. ಮನೆಯ ಮಾತನ್ನು ಕಾಯುವವರು ಹಿರಿಯರು ಮಾತ್ರ. ಆದ್ದರಿಂದ ಮೊದಲು ಕೇಳಬೇಕಾದದ್ದು ಅವರನ್ನು. ಕಪಾಟಿನ ಪತ್ರಿಕೆ ಇನ್ನಷ್ಟು ದಿನ ಕಾದೀತು.