ನೀರಿಗೆ ಅಂಜದ ಲ್ಯಾಪ್‌ಟಾಪ್

ಮಳೆಯಲ್ಲಿ ನೆನೆದ ಪುಸ್ತಕವನ್ನು ಬಿಸಿಲಿಗೆ ಹರವಿದರೆ ಹಾಳೆ ಮುದುಡಿದರೂ ಅಕ್ಷರ ಉಳಿಯುತ್ತದೆ. ಲ್ಯಾಪ್‌ಟಾಪಿಗೆ ಆ ಭಾಗ್ಯವಿಲ್ಲ. ಅರ್ಧ ಲೋಟ ಕಾಫಿ ಚೆಲ್ಲಿದರೆ ಸಾಕು. ವರ್ಷದ ಲೆಕ್ಕಪತ್ರ, ಮಗಳ ಪ್ರಬಂಧ, ಮದುವೆಯ ಚಿತ್ರಗಳು ಒಂದೇ ಗಳಿಗೆಯಲ್ಲಿ ಕೈಬಿಟ್ಟು ಹೋಗಬಹುದು. ನೀರಿಗೂ ಪೆಟ್ಟಿಗೂ ಜಗ್ಗದ ಯಂತ್ರವನ್ನು ಕಟ್ಟಲಾಗದೆ? ಕಟ್ಟಬಹುದು, ಕಟ್ಟಿಯೂ ಇದ್ದಾರೆ. ಹಾಗಿದ್ದರೂ ಮನೆಗಳಲ್ಲಿರುವ ಯಂತ್ರಗಳೆಲ್ಲ ಏಕೆ ಹಾಗಿಲ್ಲವೆಂದು ತಿಳಿಯಬೇಕಾದರೆ ಕಟ್ಟುವವನ ಕಷ್ಟವನ್ನು ಸ್ವಲ್ಪ ನೋಡಬೇಕು.

ನೀರು ಮಾಡುವ ಕೆಡುಕಾದರೂ ಏನು? ಅಚ್ಚ ಶುದ್ಧವಾದ ನೀರು ವಿದ್ಯುತ್ತಿನ ಒಳ್ಳೆಯ ವಾಹಕವೇ ಅಲ್ಲ. ಆದರೆ ನಮ್ಮ ಮನೆಯಲ್ಲಿ ಚೆಲ್ಲುವ ನೀರು ಅಂಥದಲ್ಲ. ಅದರಲ್ಲಿ ಲವಣವಿರುತ್ತದೆ, ಕಾಫಿಯಾದರೆ ಹಾಲು ಸಕ್ಕರೆಗಳೂ ಸೇರಿರುತ್ತವೆ. ಯಂತ್ರದೊಳಗಿನ ಹಲಗೆಯ ಮೇಲೆ ತಾಮ್ರದ ಗೆರೆಗಳು ಬಹು ಹತ್ತಿರ ಹತ್ತಿರ ಹಾದಿರುತ್ತವೆ. ಅವುಗಳ ನಡುವೆ ಉಪ್ಪುನೀರು ನಿಂತು, ಮೇಲೆ ವಿದ್ಯುತ್ತೂ ಇದ್ದರೆ, ಒಂದು ಗೆರೆಯ ಲೋಹ ಕರಗಿ ಇನ್ನೊಂದರ ಬಳಿ ಮರದ ಕೊಂಬೆಯಂತೆ ಬೆಳೆಯತೊಡಗುತ್ತದೆ. ಕೊಂಬೆ ಮುಟ್ಟಿತೆಂದರೆ ಅಲ್ಲಿಗೆ ಶಾರ್ಟ್ ಸರ್ಕ್ಯೂಟ್. ಎಂದರೆ, ಯಂತ್ರವನ್ನು ಕೊಲ್ಲುವುದು ನೀರೊಂದೇ ಅಲ್ಲ. ನೀರೂ ವಿದ್ಯುತ್ತೂ ಕೂಡಿ ಮಾಡುವ ಕೆಲಸವಿದು.

ಹಾಗಾದರೆ ನೀರನ್ನು ಒಳಗೆ ಬಿಡದಿದ್ದರಾಯಿತಲ್ಲ ಎನ್ನುತ್ತೀರಿ. ನಮ್ಮ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಉಗಿಯನ್ನೇ ತಡೆಯುವಾಗ ಇದೇನು ಮಹಾ? ಆದರೆ ಕುಕ್ಕರಿಗೆ ಇರುವುದು ಒಂದು ಬಾಯಿ. ಲ್ಯಾಪ್‌ಟಾಪಿಗೆ ಎಷ್ಟು ಬಾಯಿಗಳು ನೋಡಿ: ಕೀಲಿಮಣೆಯ ಎಂಬತ್ತು ಚಿಲ್ಲರೆ ಕೀಲಿಗಳು, ತಂತಿ ಸಿಕ್ಕಿಸುವ ಕಂಡಿಗಳು, ಧ್ವನಿ ಹೊರಡುವ ಜಾಲರಿ, ಇವೆಲ್ಲಕ್ಕಿಂತ ತೊಡಕಿನ ಕೀಲು. ಪರದೆಗೆ ಹೋಗುವ ತಂತಿ ಆ ಕೀಲಿನ ಮೂಲಕವೇ ಹಾದು, ದಿನಕ್ಕೆ ಹತ್ತು ಸಲ ಮಡಚಿ ಬಿಚ್ಚುತ್ತಿರಬೇಕು. ನೀರು ಮಾತ್ರ ಆ ದಾರಿಯಲ್ಲಿ ಬರಕೂಡದು.

ಈ ಬಾಯಿಗಳನ್ನೆಲ್ಲ ಮುಚ್ಚಿದಿರೆನ್ನೋಣ. ಆಗ ಶತ್ರು ಒಳಗಿನಿಂದ ಏಳುತ್ತಾನೆ. ಅವನ ಹೆಸರು ಶಾಖ. ಸಾಮಾನ್ಯ ಯಂತ್ರದಲ್ಲಿ ಪುಟ್ಟ ಫ್ಯಾನೊಂದು ಹೊರಗಿನ ಗಾಳಿಯನ್ನೆಳೆದು ಒಳಗಿನ ಬಿಸಿಯನ್ನು ಹೊರಹಾಕುತ್ತದೆ. ಗಾಳಿ ಬರುವ ಕಿಂಡಿಯೇ ನೀರು ಬರುವ ಕಿಂಡಿ. ಇದಕ್ಕೆ ಎರಡು ಉಪಾಯಗಳಿವೆ. ಕಡಿಮೆ ವಿದ್ಯುತ್ ತಿನ್ನುವ ಪ್ರೊಸೆಸರನ್ನು ಹಾಕಿ, ಫ್ಯಾನನ್ನೇ ಬಿಟ್ಟು, ಲೋಹದ ಮೈಯ ಮೂಲಕವೇ ಶಾಖ ಹೊರಹೋಗುವಂತೆ ಮಾಡುವುದು ಒಂದು. ನೀರಿಗೆ ಕೆಡದ ಫ್ಯಾನನ್ನು ಬೇರೆ ಕೋಣೆಯಲ್ಲಿಟ್ಟು, ಅಲ್ಲಿಗೆ ತಾಮ್ರದ ಕೊಳವೆಯಿಂದ ಶಾಖವನ್ನು ಮಾತ್ರ ಸಾಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ವೇಗ ಕುಂದುತ್ತದೆ, ಎರಡನೆಯದರಲ್ಲಿ ತೂಕವೂ ಬೆಲೆಯೂ ಏರುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೇಗೋ ಸ್ವಲ್ಪ ಹೊರಬೀಳುತ್ತದೆ. ತಣಿದಾಗ ಅದೇ ಪೆಟ್ಟಿಗೆ ರಬ್ಬರಿನ ಸಂದಿಯಿಂದ ತೇವವನ್ನು ಒಳಗೆ ಹೀರುತ್ತದೆ. ಆದ್ದರಿಂದ ಗಾಳಿ ಹಾಯುವ, ಆದರೆ ನೀರಿನ ಹನಿ ಹಾಯದ ತೆಳುಪೊರೆಯನ್ನು ಒಂದು ಕಡೆ ಅಂಟಿಸುತ್ತಾರೆ. ಅಮೆರಿಕದ ರಾಬರ್ಟ್ ಗೋರ್ 1969ರಲ್ಲಿ ಟೆಫ್ಲಾನನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ದೊರೆತ ಪೊರೆಯೇ ಇದು. ಮಳೆ ಅಂಗಿಗಳಲ್ಲಿಯೂ ಉಂಟು.

ಇನ್ನು ಬೀಳುವ ಮಾತು. ಎಪ್ಪತ್ತೈದು ಸೆಂಟಿಮೀಟರ್ ಎತ್ತರದ ಮೇಜಿನಿಂದ ಜಾರಿದ ಯಂತ್ರ ನೆಲ ಮುಟ್ಟಿ 1 ಮಿಲಿಮೀಟರಿನಲ್ಲಿ ನಿಂತುಬಿಟ್ಟರೆ ಅದರ ಅಂಗಾಂಗಗಳ ಮೇಲೆ ಬೀಳುವ ಒತ್ತಡ ಅವುಗಳ ತೂಕದ ಸುಮಾರು 750 ಪಟ್ಟು. ಮೂಲೆಗೆ ರಬ್ಬರ್ ಹಾಕಿ 10 ಮಿಲಿಮೀಟರಿನಲ್ಲಿ ನಿಲ್ಲಿಸಿದಿರೋ, 75 ಪಟ್ಟು. ಒಂದು ಬೆರಳಗಲದ ಮೆತ್ತೆ ಮಾಡುವ ಉಪಕಾರ ಇಷ್ಟು! ಕೊಳ್ಳುವವನಿಗಾದರೋ ತೆಳ್ಳಗಿನದೇ ಬೇಕು.

1982ರಲ್ಲಿ ಬಂದ ಗ್ರಿಡ್ ಕಂಪಾಸ್ ಎಂಬ ಯಂತ್ರವನ್ನು ಇಲ್ಲಿ ನೆನೆಯಬೇಕು. ಪುಸ್ತಕದಂತೆ ಮಡಚುವ ಲ್ಯಾಪ್‌ಟಾಪುಗಳಲ್ಲಿ ಇದು ಮೊದಮೊದಲಿನದು. ರೂಪಿಸಿದವರು ಇಂಗ್ಲೆಂಡಿನ ಬಿಲ್ ಮಾಗ್ರಿಜ್. ಅದರ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಅಲ್ಯುಮಿನಿಯಮಿಗಿಂತ ಮೂರನೆಯ ಒಂದು ಭಾಗ ಹಗುರವಾದ ಈ ಲೋಹ ಪೆಟ್ಟನ್ನೂ ತಾಳಿತು, ಶಾಖವನ್ನೂ ಹೊರಸಾಗಿಸಿತು. ನೆನಪಿನ ಭಂಡಾರಕ್ಕೆ ತಿರುಗುವ ತಟ್ಟೆಯ ಬದಲು, ಅಲುಗುವ ಭಾಗವೇ ಇಲ್ಲದ ಮ್ಯಾಗ್ನೆಟಿಕ್ ಬಬಲ್ ಮೆಮೊರಿ ಇಟ್ಟಿದ್ದರು. ಅಮೆರಿಕದವರು ಅದನ್ನು ಗಗನನೌಕೆಯಲ್ಲಿಯೂ ಒಯ್ದರು. ಆದರೆ ಬೆಲೆ ಎಂಟು ಸಾವಿರ ಡಾಲರಿಗೂ ಮೇಲೆ, ಗೃಹಸ್ಥನ ಮಾತಲ್ಲ.

ಗೃಹಸ್ಥನಿರಲಿ, ಬಡ ಮಗುವಿಗೇ ಗಟ್ಟಿ ಯಂತ್ರ ಕೊಡುತ್ತೇವೆಂದು ಹೊರಟವರೂ ಇದ್ದರು. ನಿಕೊಲಾಸ್ ನೆಗ್ರೊಪಾಂಟೆಯವರ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಿಂದ 2007ರಲ್ಲಿ ಎಕ್ಸ್‌ಒ ಎಂಬ ಹಸಿರು ಬಿಳಿಯ ಯಂತ್ರ ಹೊರಬಂತು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ. ಅವರು ದುಬಾರಿ ಲೋಹಕ್ಕೆ ಹೋಗಲಿಲ್ಲ. ಪ್ಲಾಸ್ಟಿಕ್ ಗೋಡೆಯನ್ನೇ 2 ಮಿಲಿಮೀಟರ್ ದಪ್ಪ ಮಾಡಿದರು. ಕೀಲಿಗಳನ್ನು ಬಿಡಿಬಿಡಿಯಾಗಿ ಕೂಡಿಸದೆ ಒಂದೇ ರಬ್ಬರ್ ಹಾಳೆಯಲ್ಲಿ ಎರಕ ಹೊಯ್ದರು. ನೀರು ಚೆಲ್ಲಿದರೆ ಇಳಿಯಲು ಸಂದಿಯೇ ಇಲ್ಲ. ಫ್ಯಾನಿಲ್ಲ, ತಿರುಗುವ ತಟ್ಟೆಯಿಲ್ಲ. ರೇಡಿಯೋ ಅಲೆ ಹಿಡಿಯುವ ಎರಡು ಮೊಲದ ಕಿವಿಗಳು ಮಡಚಿದಾಗ ತಾವೇ ಪಕ್ಕದ ಕಂಡಿಗಳಿಗೆ ಮುಚ್ಚಳವಾಗುತ್ತಿದ್ದವು. ಕೈಯಿಂದ ತಿರುಗಿಸಿ ವಿದ್ಯುತ್ ಪಡೆಯುವ ಹಿಡಿಯೊಂದು 2005ರ ಮಾದರಿಯ ಮೈಗೇ ಅಂಟಿಕೊಂಡಿತ್ತು; ಅದನ್ನು ಆಮೇಲೆ ಕೈಬಿಟ್ಟರು. ಮಗು ಹುರುಪಿನಿಂದ ತಿರುವಿದಷ್ಟೂ ಆ ಎಳೆತವೆಲ್ಲ ಯಂತ್ರದ ಮೈಗೇ ತಾನೆ! ನೂರು ಡಾಲರ್ ಎಂದು ಸಾರಿದ ಬೆಲೆ ಕೊನೆಗೆ ಅದರ ಎರಡರಷ್ಟಾಯಿತೆಂಬುದು ನಿಜ. ಆದರೂ ಉರುಗ್ವೆ ದೇಶ ತನ್ನ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಅದನ್ನು ಹಂಚಿತು.

ಈಗ ಅಂಗಡಿಯ ಮಾತಿಗೆ ಬರೋಣ. ‘ವಾಟರ್‌ಪ್ರೂಫ್’ ಎಂಬುದು ಬಲು ಸಡಿಲವಾದ ಮಾತು. ಐಪಿ ಎಂಬ ಅಕ್ಷರಗಳ ಮುಂದೆ ಬರುವ ಎರಡು ಅಂಕಿಗಳನ್ನು ಕೇಳಿ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. 65 ಎಂದರೆ ಧೂಳು ಒಳಹೋಗದು, ಕೊಳವೆಯಿಂದ ಚಿಮ್ಮಿದ ನೀರನ್ನೂ ತಾಳುತ್ತದೆ. ಬಾವಿಗೆ ಬಿದ್ದರೆ ತಾಳುತ್ತದೆಂದು ಅರ್ಥವಲ್ಲ. 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಕೆಡಬಾರದೆಂದರೆ ಎರಡನೆಯ ಅಂಕಿ 7 ಆಗಿರಬೇಕು. ಅಮೆರಿಕದ ಸೇನೆಯ 810 ಎಂಬ ಪರೀಕ್ಷಾಕ್ರಮದ ಹೆಸರನ್ನೂ ಜಾಹೀರಾತಿನಲ್ಲಿ ಕಾಣುತ್ತೀರಿ. ಅದರಲ್ಲಿ ಯಂತ್ರವನ್ನು ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ, ಹೀಗೆ 26 ಸಲ ಬೀಳಿಸುವ ಪರೀಕ್ಷೆಯುಂಟು. ಆ 26 ಪೆಟ್ಟುಗಳನ್ನು ಐದು ಯಂತ್ರಗಳಿಗೆ ಹಂಚಲು ಅವಕಾಶವಿದೆ ಎಂಬುದನ್ನು ಮಾತ್ರ ಜಾಹೀರಾತು ಹೇಳುವುದಿಲ್ಲ.

ಮನೆಗೆ ಇಷ್ಟೆಲ್ಲ ಬೇಕೆ? ನನ್ನ ಮಟ್ಟಿಗೆ ಬೇಡ. ಕೀಲಿಮಣೆಯ ಕೆಳಗೆ ತಟ್ಟೆಯಿಟ್ಟು, ಚೆಲ್ಲಿದ ನೀರು ತಳದ ತೂತಿನಿಂದ ಹೊರಗೆ ಹರಿದುಹೋಗುವಂತೆ ಮಾಡಿದ ಯಂತ್ರಗಳಿವೆ. ಥಿಂಕ್‌ಪ್ಯಾಡುಗಳಲ್ಲಿ ಇದು ಬಹುಕಾಲದಿಂದ ಇದೆ. ಅವನ್ನು ಸ್ಕ್ರೂ ಬಿಚ್ಚಿ ರಿಪೇರಿ ಮಾಡಬಹುದು. ಅಂಟು ಹಾಕಿ ಮುಚ್ಚಿದ ಯಂತ್ರ ನೀರನ್ನು ತಡೆದಷ್ಟೇ ರಿಪೇರಿ ಮಾಡುವವನನ್ನೂ ತಡೆಯುತ್ತದೆ. ಹೊಲ, ಗಣಿ, ದೋಣಿಗಳಲ್ಲಿ ದುಡಿಯುವವರಿಗಾದರೆ ಪೂರ್ಣ ಮುಚ್ಚಿದ್ದೇ ಸರಿ.

ನೀರು ಚೆಲ್ಲಿಯೇಬಿಟ್ಟರೆ ಮೊದಲು ಗೋಡೆಯ ಪ್ಲಗ್ ಕೀಳಿ, ಯಂತ್ರವನ್ನು ಪೂರ್ತಿ ಆರಿಸಿ, ತೆಗೆಯಲು ಬರುವ ಬ್ಯಾಟರಿಯಾದರೆ ತೆಗೆದುಬಿಡಿ. ತೆರೆದು ಕವುಚಿ ಹಾಕಿ. ಅಕ್ಕಿಯಲ್ಲಿ ಹೂಳುವುದರಿಂದ ಲಾಭವಿಲ್ಲ, ಪುಡಿ ಒಳಸೇರೀತು. ಕೆಲಸ ಮಾಡುತ್ತದೆಯೇ ನೋಡೋಣವೆಂದು ಗುಂಡಿ ಒತ್ತಬೇಡಿ. ಬಿಚ್ಚಿ ಒರೆಸಬಲ್ಲವರ ಬಳಿಗೆ ಒಯ್ಯಿರಿ. ಗಟ್ಟಿ ಯಂತ್ರ ಕೊಂಡವರೂ ಕಂಡಿಗಳ ರಬ್ಬರ್ ಮುಚ್ಚಳವನ್ನು ಒತ್ತಿ ಹಾಕಿರಬೇಕು, ರಿಪೇರಿಗೆ ಬಿಚ್ಚಿಸಿದಾಗ ಹೊಸ ಗ್ಯಾಸ್ಕೆಟ್ ಕೇಳಿ ಹಾಕಿಸಿಕೊಳ್ಳಬೇಕು.