ಹಸಿ ಕಸದಿಂದ ಗೊಬ್ಬರ: ಒಂದು ಸ್ವಉದ್ಯೋಗ



ಓದು ಮುಗಿಸಿ ನೌಕರಿಗಾಗಿ ಕಾಯುತ್ತಿರುವವರಿಗೆ ಇಂದು ಒಂದು ಸ್ವಉದ್ಯೋಗದ ಬಗ್ಗೆ ಹೇಳಬಯಸುತ್ತೇನೆ. ತರಕಾರಿ ಮಾರುಕಟ್ಟೆ, ಹೋಟೆಲು, ಮದುವೆ ಮಂಟಪಗಳ ಹಸಿ ಕಸದಿಂದ ಗೊಬ್ಬರ ಮಾಡಿ ಮಾರುವುದೇ ಆ ಉದ್ಯೋಗ.

ಹಸಿ ಕಸದಲ್ಲಿ ಸಾರಜನಕ ಹೆಚ್ಚು. ಒಣ ಎಲೆ, ಮರದ ಹೊಟ್ಟಿನಲ್ಲಿ ಇಂಗಾಲ ಹೆಚ್ಚು. ಸುಮಾರು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುವಂತೆ ಎರಡನ್ನೂ ಬೆರೆಸಿ ರಾಶಿ ಹಾಕಬೇಕು. ರಾಶಿಯ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಆಗಾಗ ಮಗುಚಿ ಗಾಳಿಯಾಡಿಸದಿದ್ದರೆ ನಾತ ಹೊಡೆಯುತ್ತದೆ.

ಈ ನಾತವೇ ಮೊದಲ ಪರೀಕ್ಷೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಬೆಂಗಳೂರು ಘಟಕದ ಸುತ್ತ ಬಡಾವಣೆಗಳು ಬೆಳೆದ ಮೇಲೆ ನಿವಾಸಿಗಳು ದುರ್ವಾಸನೆಯ ವಿರುದ್ಧ ದನಿಯೆತ್ತಿದರು. ಆದ್ದರಿಂದ ಜಾಗ ಹಿಡಿಯುವ ಮುನ್ನ ನೆರೆಯವರ ಒಪ್ಪಿಗೆ ಪಡೆಯಿರಿ, ಬೇಕಾದ ಪರವಾನಗಿಗಳನ್ನು ವಿಚಾರಿಸಿ.

ಎರಡನೆಯದು ನಂಬಿಕೆ. ಗೊಬ್ಬರದಲ್ಲಿ ಗಾಜಿನ ಚೂರು ಸಿಕ್ಕರೆ ರೈತ ಮತ್ತೆ ನಿಮ್ಮ ಕಡೆ ಬರುವುದಿಲ್ಲ. 2016ರ ಘನತ್ಯಾಜ್ಯ ನಿಯಮಗಳೇ ಕಸವನ್ನು ಮೂಲದಲ್ಲಿ ಬೇರ್ಪಡಿಸಬೇಕೆಂದು ವಿಧಿಸಿದ್ದವು. ಬೇರ್ಪಡಿಸದ ಕಸವನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಮಾರುವ ಮುನ್ನ ಗೊಬ್ಬರವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಮೂರನೆಯದು ಲೆಕ್ಕ. ಕಸದ ತೂಕದ ಬಹುಭಾಗ ನೀರಾವಿಯಾಗಿ, ಅನಿಲವಾಗಿ ಹೋಗಿಬಿಡುತ್ತದೆ. ಉಳಿಯುವ ಗೊಬ್ಬರ ಸ್ವಲ್ಪ. ಮಾರಾಟವೊಂದನ್ನೇ ನೆಚ್ಚದೆ, ಕಸ ಒಯ್ಯುವುದಕ್ಕೂ ಹೋಟೆಲಿನವರೊಡನೆ ತಿಂಗಳ ಶುಲ್ಕ ಗೊತ್ತುಮಾಡಿಕೊಳ್ಳಿ.

ಕಸ ಮುಟ್ಟಿದರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಬಿಡಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಬ್ಬರು ಮೂವರು ಗೆಳೆಯರು ಸೇರಿ, ಒಂದೇ ಹೋಟೆಲಿನ ಕಸದಿಂದ, ಒಂದೇ ರಾಶಿಯಿಂದ ಆರಂಭಿಸಿ.